ಎರಡು ಮುಖದ ಕಣವನ್ನು ಲ್ಯಾಪ್‌ಟಾಪಿನ ನೀರಿಗೆ ಹಾಕಿ ನೋಡುವುದು ಹೇಗೆ

ನಮ್ಮ ಬದಿಯಡ್ಕ ಕಡೆ ಮಳೆಗಾಲದಲ್ಲಿ ಕೆಸುವಿನ ಎಲೆ ಮೇಲೆ ನೀರು ಉರುಳಿ ಹೋಗ್ತದೆ, ಪಕ್ಕದ ಮಣ್ಣಿನ ಗೋಡೆಗೆ ಬಿದ್ರೆ ಕುಡಿದು ಬಿಡ್ತದೆ, ಈ ಎರಡೂ ಗುಣ ಒಂದೇ ಕಣದ ಎರಡು ಬದಿಯಲ್ಲಿ ಇದ್ರೆ ಅದೇ ಜಾನಸ್ ಕಣ. ರೋಮನ್ನರ ಎರಡು ಮುಖದ ದೇವರ ಹೆಸರು ಅದು, 1991ರಲ್ಲಿ ಫಿಸಿಕ್ಸ್ ನೊಬೆಲ್ ಬಂದ ದ ಜೆನ್ ತಮ್ಮ ನೊಬೆಲ್ ಭಾಷಣದಲ್ಲೇ ಇದನ್ನು ಹೇಳಿದ್ರು. ಲ್ಯಾಬ್ ಇಲ್ಲದೆ ಇದರ ಥರ್ಮೋಡೈನಾಮಿಕ್ಸ್ ನೋಡ್ಲಿಕ್ಕೆ ಆಗ್ತದಾ ಅಂತ ಎಂಎಸ್ಸಿ ಮಕ್ಕಳು ಕೇಳ್ತಾರೆ. ಆಗ್ತದೆ.

ಮೊದಲು ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಬರೆದು ನೀರು ಮಾಡಿ. ಬೆನ್ ನಾಯಿಮ್ 1971ರಲ್ಲಿ ಕೊಟ್ಟ ಮಾದರಿ ಸಾಕು, ಪ್ರತಿ ಅಣು ಒಂದು ಚಪ್ಪಟೆ ಬಿಲ್ಲೆ, ಅದಕ್ಕೆ 120 ಡಿಗ್ರಿ ಅಂತರದಲ್ಲಿ ಮೂರು ಕೈ, ಬೆಂಜ್ ಕಾರಿನ ಗುರುತಿನ ಹಾಗೆ ಕಾಣುವ ಕಾರಣ ಹೆಸರೂ ಮರ್ಸಿಡಿಸ್ ಬೆಂಜ್ ಮಾದರಿ ಅಂತಲೇ. ಎರಡು ಬಿಲ್ಲೆಯ ಕೈ ಎದುರುಬದುರಾಗಿ ದೂರ 1 ಆದಾಗ ಹೈಡ್ರೋಜನ್ ಬಂಧ, ಶಕ್ತಿ ಮೈನಸ್ 1, ಮುಂದಿನ ದೂರ, ಶಕ್ತಿ, ತಾಪಮಾನ ಎಲ್ಲಾ ಈ ಬಂಧದ ಅಳತೆಯಲ್ಲೇ. ಕೈ ಹಿಡಿಯದೆಯೂ ಬಿಲ್ಲೆಗಳ ನಡುವೆ ಇರುವ ಸಾಮಾನ್ಯ ಲೆನಾರ್ಡ್ ಜೋನ್ಸ್ ಸೆಳೆತದ ಆಳ 0.1, ಗಾತ್ರ 0.7, ಕೈ ಸ್ವಲ್ಪ ಆಚೀಚೆ ಆದ್ರೆ ಬಂಧ ಎಷ್ಟು ತಾಳ್ತದೆ ಅನ್ನುವ ಗಾಸಿಯನ್ ಅಗಲ 0.085. ಅರವತ್ತರಿಂದ ನೂರು ಬಿಲ್ಲೆ ಹಾಕಿ ಮಾಂಟೆ ಕಾರ್ಲೋ ಓಡಿಸಿ, ಅಂದ್ರೆ ಬಿಲ್ಲೆಗಳನ್ನು ಯಾದೃಚ್ಛಿಕವಾಗಿ ಅಲ್ಲಾಡಿಸಿ, ಶಕ್ತಿ ಮತ್ತು ತಾಪಮಾನ ನೋಡಿ ಆ ನಡೆ ಒಪ್ಪುವುದೋ ಬಿಡುವುದೋ ಅಂತ ತೀರ್ಮಾನಿಸುವ ಲೆಕ್ಕ, ಸರಿಸುವುದರ ಜೊತೆಗೆ ತಿರುಗಿಸುವುದೂ ಬೇಕು, ಬರೇ ಸರಿಸಿದ್ರೆ ಕೈಗಳು ಸಿಗುವುದೇ ಇಲ್ಲ.

ನಾನು ಮೊದಲ ಸಲ ಸೀದಾ 0.15 ತಾಪಮಾನದಲ್ಲೇ ಶುರು ಮಾಡಿದೆ, ಬಿಲ್ಲೆಗಳು ಅರ್ಧಂಬರ್ಧ ಕೈ ಹಿಡಿದು ಅಲ್ಲೇ ಸಿಕ್ಕಿ ಬಿದ್ದವು, ಇಡೀ ರಾತ್ರಿ ಓಡಿದ್ರೂ ಅದೇ ಚಿತ್ರ. 0.4ರಲ್ಲಿ ಕಾಯಿಸಿ ಮೆಲ್ಲ ಇಳಿಸಿ, ಆಗ ಆರು ಬಿಲ್ಲೆಯ ಬಳೆಗಳು ತಾವಾಗಿ ಕೂಡಿಕೊಳ್ಳುವುದು ಸ್ಕ್ರೀನಿನಲ್ಲಿ ಕಾಣ್ತದೆ, ಅದನ್ನು ನೋಡುವುದೇ ಒಂದು ಖುಷಿ. ಮತ್ತೆ ಜೋರು ಮಳೆಯ ಆಟಿ ತಿಂಗಳಲ್ಲಿ ಕರೆಂಟಿನ ಭರವಸೆ ಇಲ್ಲ, ಸ್ವಲ್ಪ ಸ್ವಲ್ಪ ಹೊತ್ತಿಗೆ ಫೈಲಿಗೆ ಸೇವ್ ಮಾಡ್ತಾ ಇರಿ.

ಈಗ ಕಣ. ದೊಡ್ಡ ಬಿಲ್ಲೆ ಒಂದನ್ನು ಇಡಿ, ನೀರಿನ ದೂರವನ್ನು ಅದರ ಅಂಚಿನಿಂದ ಅಳೆಯಿರಿ. ಒಂದು ಅರ್ಧಕ್ಕೆ ನೀರಿನ ಕೈ ತಾಗಿದ್ರೆ ಬಂಧ, ಇನ್ನೊಂದು ಅರ್ಧಕ್ಕೆ ಸೆಳೆತ ಮಾತ್ರ. ಗಡಿಯಲ್ಲಿ ಒಮ್ಮೆಲೇ ಕತ್ತರಿಸಬೇಡಿ, ನಯವಾಗಿ ಬದಲಾಗ್ಲಿ.

ಇಂತಹ ಎರಡು ಕಣ ಇಟ್ಟು, ಅಂತರವನ್ನು ಅಂಬ್ರೆಲಾ ಸ್ಯಾಂಪ್ಲಿಂಗಿನಿಂದ (ಕಣಗಳನ್ನು ಒಂದೊಂದು ಅಂತರದ ಹತ್ತಿರ ಹಿಡಿದಿಟ್ಟು ನೋಡುವ ಉಪಾಯ) ತುಂಡು ತುಂಡಾಗಿ ನೋಡಿ ಫ್ರೀ ಎನರ್ಜಿ, ಅಂದ್ರೆ ಯಾವ ಅಂತರ ಕಣಗಳಿಗೆ ಹೆಚ್ಚು ಒಗ್ಗುತ್ತದೆ ಅಂತ ಹೇಳುವ ಲೆಕ್ಕ, ತೆಗೆಯಿರಿ, ಯಾವ ಮುಖ ಯಾವ ಮುಖಕ್ಕೆ ಎದುರು ಅಂತ ಕೋನವನ್ನೂ ಬರೆದಿಡಿ. ಎಲ್ಲರೂ ಇಲ್ಲಿಗೆ ನಿಲ್ಲಿಸ್ತಾರೆ, ನಿಲ್ಲಿಸಬೇಡಿ ಮಾರಾಯ್ರೆ. ಹತ್ತಿರ ಹತ್ತಿರದ ಮೂರು ತಾಪಮಾನದಲ್ಲಿ ಅದೇ ಲೆಕ್ಕ ಮಾಡಿ, ತಾಪಮಾನದ ಜೊತೆ ಫ್ರೀ ಎನರ್ಜಿ ಬದಲಾಗುವ ಇಳಿಜಾರಿಗೆ ಮೈನಸ್ ಹಾಕಿದ್ರೆ ಎಂಟ್ರೊಪಿ (ಅಣುಗಳಿಗೆ ಎಷ್ಟು ಬಗೆಯಲ್ಲಿ ಇರಲಿಕ್ಕೆ ಸ್ವಾತಂತ್ರ್ಯ ಉಂಟು ಅನ್ನುವುದರ ಅಳತೆ), ಅದರಿಂದ ಎಂಥಾಲ್ಪಿ (ಬಂಧ, ಸೆಳೆತಗಳ ಶಾಖದ ಲೆಕ್ಕ). ನಿಜವಾದ ನೀರಿನಲ್ಲಿ 25 ಡಿಗ್ರಿ ಹತ್ತಿರ ಮೀಥೇನಿನಂಥ ಸಣ್ಣ ಅಣುವನ್ನು ನೀರು ಒಲ್ಲೆ ಅನ್ನುವುದಕ್ಕೆ ಕಾರಣ ಮುಖ್ಯವಾಗಿ ಎಂಟ್ರೊಪಿ, ಅದರ ಸುತ್ತ ನೀರು ಬಂಧ ಬಿಡದೆ ಹೊಂದಿಕೊಂಡು ಕೂತುಕೊಳ್ತದೆ, ಹಾಗಾಗಿ ಅಂಥ ಎರಡು ಒಟ್ಟಾದ್ರೆ ಆ ನೀರಿಗೆ ಬಿಡುಗಡೆ, ಬಿಸಿ ಮಾಡಿದ್ರೆ ಸೆಳೆತ ಜಾಸ್ತಿ. ಆದ್ರೆ ಗಾತ್ರ ಸುಮಾರು 1 ನ್ಯಾನೋಮೀಟರ್ ದಾಟಿದ ಮೇಲೆ ನೀರಿಗೆ ಕೈ ಹಿಡಿದು ಸುತ್ತುವರಿಯಲಿಕ್ಕೆ ಆಗುವುದಿಲ್ಲ, ಬಂಧ ಮುರೀತದೆ, ಆಗ ಲೆಕ್ಕ ಎಂಥಾಲ್ಪಿ ಕಡೆ ವಾಲ್ತದೆ. ಜಾನಸ್ ಕಣದಂಥ ಕೊಲಾಯ್ಡ್ ಕಣ, ಅಂದ್ರೆ ದ್ರವದಲ್ಲಿ ತೇಲಾಡುವ, ಅಣುವಿಗಿಂತ ತುಂಬಾ ದೊಡ್ಡ ಕಣ, ಇರುವುದು ಈ ಎರಡನೇ ಕಡೆ. ಅದಕ್ಕೇ ನಾನು ಹೇಳುವುದು, ಬಿಲ್ಲೆಯನ್ನು ನೀರಿನಷ್ಟೇ ಗಾತ್ರದಿಂದ ಶುರು ಮಾಡಿ ಎರಡು ಪಾಲು, ಮೂರು ಪಾಲು, ಐದು ಪಾಲು ಅಂತ ದೊಡ್ಡದು ಮಾಡ್ತಾ ಹೋಗಿ, ಪ್ರತಿ ಗಾತ್ರಕ್ಕೂ ಎಂಟ್ರೊಪಿ ಎಂಥಾಲ್ಪಿ ಬೇರೆ ಬೇರೆ ಗೆರೆ ಎಳೆಯಿರಿ, ಎರಡು ಗೆರೆ ಎಲ್ಲಿ ಅಡ್ಡ ಹಾಯ್ತದೆ ಅಂತ ನಿಮ್ಮ ಕಣ್ಣಿಗೇ ಕಾಣ್ಲಿ.