ಅಂಗುಳದ ಆಪರೇಷನ್ ಆದ ಮಗು: ಮೊದಲ ರಾತ್ರಿ, ಆಮೇಲಿನ ಮೂರು ವಾರ

ಸೀಳುತುಟಿಗೆ ಸಾಮಾನ್ಯವಾಗಿ 3 ತಿಂಗಳು ತುಂಬಿದ ಮೇಲೆ, ಸೀಳು ಅಂಗುಳಕ್ಕೆ (ಬಾಯಿಯ ಮೇಲ್ಛಾವಣಿ ಹುಟ್ಟಿನಿಂದಲೇ ಸೀಳಿರುವುದು) 9ರಿಂದ 18 ತಿಂಗಳೊಳಗೆ ಆಪರೇಷನ್ ಮಾಡುತ್ತಾರೆ. ಮೈಸೂರಿನ ಮಕ್ಕಳ ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿ ನಾನು ಹೆಚ್ಚು ಕಣ್ಣಿಡುವುದು ಅಂಗುಳದ ಮಕ್ಕಳ ಮೇಲೆ. ತುಟಿಯ ಹೊಲಿಗೆ ಎದುರಿಗೇ ಕಾಣುತ್ತದೆ, ಅಂಗುಳದ್ದು ಕಾಣುವುದಿಲ್ಲ.

ಪಾಳಿಗೆ ಬಂದ ಕೂಡಲೇ ಆಪರೇಷನ್ ಎಷ್ಟು ಹೊತ್ತು ನಡೆಯಿತೆಂದು ಕೇಳುತ್ತೇನೆ. ಬಾಯಿ ತೆರೆದಿಡುವ ಗ್ಯಾಗ್ ಅಷ್ಟು ಹೊತ್ತೂ ನಾಲಿಗೆಯನ್ನು ಒತ್ತಿಕೊಂಡಿರುತ್ತದೆ. ಹೊತ್ತು ಹೆಚ್ಚಾದಷ್ಟೂ ನಾಲಿಗೆ ಊದಿ ಉಸಿರಿಗೆ ಅಡ್ಡ ಬರುವ ಸಂಭವ ಹೆಚ್ಚು. ಸೀಳು ಮುಚ್ಚಿದ್ದರಿಂದ ಇಷ್ಟು ದಿನ ಅಗಲವಿದ್ದ ಉಸಿರಿನ ದಾರಿಯೂ ಈಗ ಕಿರಿದಾಗಿದೆ. ಹುಟ್ಟಿನಿಂದ ಗದ್ದ ಚಿಕ್ಕದಿರುವ ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ, ಅವರ ಮಂಚ ನಮ್ಮ ಮೇಜಿನ ಪಕ್ಕದಲ್ಲೇ ಇರಬೇಕು. ಮಗುವನ್ನು ಮಗ್ಗುಲಾಗಿ ಮಲಗಿಸುತ್ತೇನೆ. ಆಕ್ಸಿಮೀಟರ್ 94ಕ್ಕಿಂತ ಇಳಿದರೆ, ಪಕ್ಕೆ ಸೆಳೆದರೆ, ಗೊರಗೊರ ಸದ್ದು ಬಂದರೆ ಗದ್ದ ಮುಂದಕ್ಕೆತ್ತಿ, ಆಕ್ಸಿಜನ್ ಇಟ್ಟು ಡಾಕ್ಟರನ್ನು ಕರೆಸುತ್ತೇನೆ. ನಾಲಿಗೆಗೆ ದಾರ ಹಾಕಿ ಕೆನ್ನೆಗೆ ಅಂಟಿಸಿದ್ದರೆ ಅದನ್ನು ಮೆಲ್ಲಗೆ ಎಳೆದರೂ ದಾರಿ ಬಿಡುತ್ತದೆ. ಜೊಲ್ಲು, ರಕ್ತ ಹೀರಿ ತೆಗೆಯುವ ಸಕ್ಷನ್ ಟ್ಯೂಬು ಕೆನ್ನೆಯ ಒಳಬದಿಗೆ ಮಾತ್ರ, ಅಂಗುಳಕ್ಕೆ ತಗುಲಲೇಬಾರದು.

ಮೊದಲ ದಿನ ಜೊಲ್ಲು ತಿಳಿಗೆಂಪಾಗಿರುವುದು ಸಹಜ. ಆದರೆ ಬಾಯಿಗೆ ಏನೂ ಹಾಕದಿದ್ದರೂ ನಿದ್ದೆಯಲ್ಲಿ ಮಗು ಮತ್ತೆ ಮತ್ತೆ ಗುಟುಕರಿಸುತ್ತಿದ್ದರೆ ರಕ್ತ ನುಂಗುತ್ತಿದೆ ಎಂದೇ ಹಿಡಿಯಬೇಕು. ದಿಂಬಿನ ಮೇಲೆ ಒಂದು ಹನಿಯೂ ಇರುವುದಿಲ್ಲ. ಟಾರ್ಚ್ ಬಿಟ್ಟರೆ ಗಂಟಲ ಹಿಂಗೋಡೆಯಲ್ಲಿ ಹೊಸ ರಕ್ತದ ಎಳೆ ಇಳಿಯುವುದು ಕಾಣುತ್ತದೆ. 8 ಕೆ.ಜಿ. ಮಗುವಿನ ಮೈಯಲ್ಲಿರುವ ರಕ್ತವೇ ಸುಮಾರು 640 ಮಿ.ಲೀ.; 60 ಮಿ.ಲೀ. ಹೋಯಿತೆಂದರೆ ಹತ್ತಿರಹತ್ತಿರ ಹತ್ತನೇ ಒಂದು ಪಾಲು ಹೋದಂತೆ. ನಾಡಿ ಏರುತ್ತಾ ಮುಖ ಬಿಳಿಚಿಕೊಂಡರೆ ಬೆಳಗಾಗಲಿ ಎಂದು ಕಾಯುವ ಮಾತೇ ಇಲ್ಲ.

ಇನ್ನು ಊಟ. ನೋವಿದ್ದರೆ ಮಗು ನುಂಗುವುದಿಲ್ಲ, ಅದಕ್ಕೇ ಹಾಲು ಕೊಡುವ ಅರ್ಧ ಗಂಟೆ ಮುಂಚೆ ಪ್ಯಾರಾಸಿಟಮಾಲ್ ಕೊಡುತ್ತೇನೆ. ಡಾಕ್ಟರು ಬರೆಯುವುದು ಕೆ.ಜಿ.ಗೆ 15 ಮಿ.ಗ್ರಾಂ ಲೆಕ್ಕದಲ್ಲಿ, 6 ಗಂಟೆಗೊಮ್ಮೆ. 8 ಕೆ.ಜಿ.ಗೆ 120 ಮಿ.ಗ್ರಾಂ. ಸಿರಪ್ಪಿನಲ್ಲಿ 5 ಮಿ.ಲೀ.ಗೆ 120 ಇರುವುದೂ ಉಂಟು, 250 ಇರುವುದೂ ಉಂಟು. ಡಿಸ್ಚಾರ್ಜ್ ಹೊತ್ತಿಗೆ ಮನೆಯಲ್ಲಿರುವ ಬಾಟಲಿಯನ್ನೇ ತರಿಸಿ ನೋಡುತ್ತೇನೆ. ಹಾಲು ಒಳಲೆಯಲ್ಲೋ ಲೋಟದಲ್ಲೋ ಕೊಡಬೇಕು. ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಅಂಚನ್ನು ಕೆಳದುಟಿಗೆ ತಾಗಿಸಿ, ಅದೇ ಹೀರುವ ಹಾಗೆ ಸ್ವಲ್ಪಸ್ವಲ್ಪ ಬಾಗಿಸುವುದು. ಚಮಚ ತುಟಿ ದಾಟಬಾರದು. ಸ್ಟ್ರಾ, ಚೀಪುವ ನಿಪ್ಪಲ್ ಬೇಡ. ಪ್ರತಿ ಸಲ ಕೊನೆಗೆ ಎರಡು ಗುಟುಕು ಕಾಯಿಸಿ ಆರಿಸಿದ ನೀರು, ಹೊಲಿಗೆಯಲ್ಲಿ ಹಾಲು ನಿಲ್ಲದಿರಲಿ ಎಂದು. ದಿನಕ್ಕೆ ನಾಲ್ಕು ಸಲವೂ ಉಚ್ಚೆ ಹೋಗದಿದ್ದರೆ ಡ್ರಿಪ್ ಬೇಕಾದೀತು.

ಮನೆಗೆ ಹೋದ ಮೇಲೆ ಹೊಲಿಗೆ ಬಿಡುವುದು ಹೆಚ್ಚಾಗಿ ಮೊದಲೆರಡು ವಾರದಲ್ಲಿ. ಮಂಡ್ಯ ಕಡೆಯ ಅಜ್ಜಿಯರು ‘ಒಂಚೂರು ಮುದ್ದೆ ಸಾರಲ್ಲಿ ಕಿವುಚಿ ಕೊಡ್ಲಾ ಸಿಸ್ಟರ್?’ ಎಂದು ಕೇಳಿಯೇ ಕೇಳುತ್ತಾರೆ. ಮೂರು ವಾರ ಬೇಡ ಅಜ್ಜಿ ಅನ್ನುತ್ತೇನೆ: ಬಟ್ಟೆಯಲ್ಲಿ ಸೋಸಿದ ತೆಳು ರಾಗಿ ಸರಿ, ಬೇಳೆಕಟ್ಟು ಸಾಕು. ಬಿಸ್ಕತ್ತಿನ ಚೂರು, ಕಬ್ಬಿನ ಸಿಪ್ಪೆ, ಬಾಯಿಗಿಡುವ ಆಟಿಕೆ ದೂರ. ಬೆರಳು ಬಾಯಿಗೆ ಹೋಗದಂತೆ ಮೊಣಕೈಗೆ ಪಟ್ಟಿ ಕಟ್ಟಲು ಕೆಲವು ಸರ್ಜನ್‌ಗಳು ಹೇಳುತ್ತಾರೆ, ಕೆಲವರು ಬೇಡವೆನ್ನುತ್ತಾರೆ. ಕಟ್ಟಿದ್ದರೆ ಮೂರ್ನಾಲ್ಕು ಗಂಟೆಗೊಮ್ಮೆ ಒಂದೊಂದೇ ಕೈ ಬಿಚ್ಚಿ ಬೆರಳು ತಣ್ಣಗಾಗಿದೆಯಾ, ಚರ್ಮ ಕೆಂಪಾಗಿದೆಯಾ ನೋಡಿ. ಬಾಯಿ ನಾತ, 100.4 ಡಿಗ್ರಿ ಮೀರಿದ ಜ್ವರ, ಇದ್ದಕ್ಕಿದ್ದಂತೆ ಊಟ ಬಿಡುವುದು, ಇವು ಕಂಡರೆ ಫೋನಿನಲ್ಲಿ ವಿಚಾರಿಸುತ್ತಾ ಕೂರದೆ ಬನ್ನಿ.

ಮೊದಲ ಕೆಲವು ದಿನ ಮೂಗಲ್ಲಿ ಒಂದೆರಡು ಹನಿ ಹಾಲು ಬಂದರೆ ಗಾಬರಿ ಬೇಡ, ಮೆತ್ತನೆ ಅಂಗುಳ ಇನ್ನೂ ಊದಿರುತ್ತದೆ. ವಾರಗಳಾದರೂ ಬರುತ್ತಲೇ ಇದ್ದರೆ ತೂತು ಉಳಿದಿರಬಹುದು, ಹೆಚ್ಚಾಗಿ ಗಟ್ಟಿ ಅಂಗುಳ ಮೆತ್ತನೆಯದಕ್ಕೆ ಕೂಡುವ ಕಡೆ. ಎಳೆತ ಬೀಳುವುದು ಅಲ್ಲೇ. ಹತ್ತಿ ತುರುಕಬೇಡಿ. ಗಾಯ ಮೆತ್ತಗಾಗಲು ಕನಿಷ್ಠ ಆರು ತಿಂಗಳು ಬಿಟ್ಟೇ ಮತ್ತೆ ಮುಚ್ಚುವುದು.

ಈ ಮಕ್ಕಳಿಗೆ ನಡುಗಿವಿಯಲ್ಲಿ ನೀರು ಕಟ್ಟುವುದು ಬಹಳ ಸಾಮಾನ್ಯ, ಕಿವಿಯ ನಾಳ ತೆರೆಯುವ ಸ್ನಾಯು ಅಂಗುಳದ್ದೇ. ಕಿವಿ ಸೋರದಿದ್ದರೂ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕೇಳುವಿಕೆ ಪರೀಕ್ಷೆ ಮಾಡಿಸಿ. ಮಾತು ಬಂದ ಮೇಲೆ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು ‘ಕಾಗೆ ಕಾಲು ಕಪ್ಪು’ ಅನ್ನಿಸಿ. ಅದರಲ್ಲಿ ಮೂಗಿನ ಅಕ್ಷರವೇ ಇಲ್ಲ. ಹೇಳುವಾಗೆಲ್ಲ ಕನ್ನಡಿ ಮಂಜಾದರೆ ಗಾಳಿ ಮೂಗಿಗೆ ಸೋರುತ್ತಿದೆ. ಸ್ಪೀಚ್ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ.