ಬೆನ್ ಮಕ್‌ಡೂಯಿಯ ಹಾದಿ ಮತ್ತು ಅಲ್ಲಿನ ಜೀವಿಗಳು: ನನ್ನ ಅನುಭವ

ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಶ್ರೇಣಿಯ ಬೆನ್ ಮಕ್‌ಡೂಯಿ 1,309 ಮೀಟರ್ ಎತ್ತರವಿದೆ. ಬ್ರಿಟನ್ನಿನಲ್ಲಿ ಬೆನ್ ನೆವಿಸ್ ಒಂದೇ ಇದಕ್ಕಿಂತ ಎತ್ತರದ ಶಿಖರ. ನಾನು ಇದನ್ನು ಹತ್ತುವುದು ಉತ್ತರ ಬದಿಯ ಕೊರಿ ಕಾಸ್‌ನಿಂದ. ಅಲ್ಲಿನ ವಾಹನ ನಿಲುಗಡೆಯೇ 600 ಮೀಟರಿಗಿಂತ ಮೇಲಿರುವುದರಿಂದ ಏರು ಕಡಿಮೆಯೆನಿಸುತ್ತದೆ. ಆದರೆ ಹಿಮನದಿಗಳು ಕೊರೆದ ಕಣಿವೆಗಳ ಬಾಯಿಯನ್ನು ದಾಟಿ, ಪಶ್ಚಿಮದ ದಿಣ್ಣೆಯನ್ನೇರಿ ಪ್ರಸ್ಥಭೂಮಿಯನ್ನು ಮುಟ್ಟಿದೊಡನೆ ಗಾಳಿಗೆ ಮರೆಯಾಗಿ ನಿಲ್ಲಲು ಏನೂ ಸಿಗುವುದಿಲ್ಲ.

ಸಮಯವನ್ನು ನಾನು 1892ರ ನೈಸ್ಮಿತ್ ಸೂತ್ರದ ಈಗಿನ ರೂಪದಲ್ಲಿ ಲೆಕ್ಕಹಾಕುತ್ತೇನೆ: 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಹಕ್ಕಿಗಳಿಗಾಗಿ ನಿಲ್ಲುವ ಹೊತ್ತನ್ನು ಧಾರಾಳವಾಗಿಯೇ ಸೇರಿಸಿಕೊಳ್ಳುತ್ತೇನೆ. ಮಂಜು ಕವಿದರೆ ದಿಕ್ಸೂಚಿಯಲ್ಲಿ ದಿಕ್ಕು ಹಿಡಿದು, ಹೆಜ್ಜೆಗಳನ್ನೆಣಿಸಿ ದೂರ ಅಳೆಯುತ್ತೇನೆ. ಉತ್ತರದ ಕಣಿವೆಗಳ ಅಂಚಿನಲ್ಲಿ ಗಾಳಿ ಕಟ್ಟಿದ ಹಿಮದ ಚಾಚು ವಸಂತದಲ್ಲಿಯೂ ಉಳಿದಿರಬಹುದು. ಅದರಡಿ ನೆಲವಿರುವುದಿಲ್ಲವಾದ್ದರಿಂದ, ದಾರಿ ಉದ್ದವಾದರೂ ಸರಿಯೆಂದು ಅಂಚಿನಿಂದ ಸಾಕಷ್ಟು ದೂರವೇ ನಡೆಯುತ್ತೇನೆ.

ಇಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಟಾರ್ಮಿಗನ್ ಹಕ್ಕಿ. ಚಳಿಗಾಲದಲ್ಲಿ ಬಾಲದ ಕಪ್ಪನ್ನು ಬಿಟ್ಟರೆ ಬಹುಪಾಲು ಬೆಳ್ಳಗಿರುವ ಇದು, ಬೇಸಿಗೆಯಲ್ಲಿ ಬಂಡೆಯ ಮೇಲಿನ ಕಲ್ಲುಹೂವಿನ ಬಣ್ಣ ತಾಳುತ್ತದೆ. ತನ್ನ ಬಣ್ಣವನ್ನೇ ನಂಬಿ ಅಲುಗಾಡದೆ ಕೂರುವುದರಿಂದ, ಕಣ್ಣಿಗಿಂತ ಮೊದಲು ಕಿವಿಯಿಂದ, ಕಪ್ಪೆ ವಟಗುಟ್ಟಿದಂಥ ಅದರ ಕೂಗಿನಿಂದ, ಹುಡುಕಬೇಕು. ಬಿರುಗಾಳಿಯಿದ್ದಾಗ ಬಂಡೆಗಳ ಮರೆಬದಿಯಲ್ಲಿ ನಿಧಾನವಾಗಿ ನೋಡುತ್ತಾ ಹೋದರೆ ಕಾಣಸಿಗುವ ಸಾಧ್ಯತೆ ಹೆಚ್ಚು. ಪರ್ವತ ಮೊಲವೂ ಚಳಿಗಾಲಕ್ಕೆ ಬಿಳಿಯಾಗುತ್ತದೆ, ಆದರೆ ಹಿಮ ಬೇಗ ಕರಗಿದ ವರ್ಷ ಕಂದು ಹೀದರ್ ಪೊದೆಗಳ ನಡುವೆ ಆ ಬಿಳುಪೇ ಅದನ್ನು ಹದ್ದಿಗೆ ತೋರಿಸಿಕೊಡುತ್ತದೆ. ಇಲ್ಲಿನ ಹಿಮಸಾರಂಗಗಳ ಹಿಂಡು 1952ರಲ್ಲಿ ಹಿಮಸಾರಂಗ ಸಾಕಣೆಗಾರ ಮಿಕೆಲ್ ಉತ್ಸಿಯವರು ಸ್ವೀಡನ್ನಿನಿಂದ ತಂದವುಗಳ ಸಂತತಿ.

ಮೇ ತಿಂಗಳಿಗೆ ಡಾಟರೆಲ್ ಹಕ್ಕಿಗಳು ಬರುತ್ತವೆ. ಕಾವು ಕೂರುವುದು ಸಾಮಾನ್ಯವಾಗಿ ಗಂಡು. ಅದು ಮನುಷ್ಯರಿಗೆ ಅಷ್ಟಾಗಿ ಹೆದರುವುದಿಲ್ಲ. ಹಾಗೆಂದೇ ನಾನು ಹತ್ತಿರ ಹೋಗುವುದಿಲ್ಲ, ಏಕೆಂದರೆ ಆ ಎತ್ತರದಲ್ಲಿ ಅದು ಗೂಡಿನಿಂದೆದ್ದರೆ ಮೊಟ್ಟೆಗಳು ಬೇಗ ತಣ್ಣಗಾಗುತ್ತವೆ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ನಡೆಯುವ ಹಕ್ಕನ್ನು ಹೊಣೆಗಾರಿಕೆಯೊಂದಿಗೇ ಕೊಟ್ಟಿದೆ. ಗೂಡು ಕಟ್ಟುವ ತಿಂಗಳುಗಳಲ್ಲಿ ನಾನು ಸವೆದ ಕಾಲುದಾರಿಯನ್ನು ಬಿಡುವುದಿಲ್ಲ. ನಾಯಿಯಿರುವ ಗೆಳೆಯರು ಜೊತೆಗಿದ್ದರೆ ಹಗ್ಗ ಬಿಚ್ಚಬೇಡಿರೆಂದು ಹೊರಡುವಾಗಲೇ ಕೇಳಿಕೊಳ್ಳುತ್ತೇನೆ.