ಕೆಐ-67 ಸ್ಟೇನ್: ಕುಕ್ಕರ್‌ನಲ್ಲೇ ಅರ್ಧ ಕೆಲಸ

ಲ್ಯಾಬಿಗೆ ಹೊಸದಾಗಿ ಬಂದವರಿಗೆ ಗಡ್ಡೆಯ ಎಷ್ಟು ಕೋಶಗಳು ವಿಭಜನೆಯಲ್ಲಿವೆ ಎಂದು ತೋರಿಸುವ ಕೆಐ-67 ಸ್ಟೇನ್ ಕಲಿಸುವಾಗ ನಾನು ಮೊದಲು ಕೈಗೆ ಕೊಡುವುದು ಆಂಟಿಬಾಡಿ ಶೀಶೆಯನ್ನಲ್ಲ, ಪ್ರೆಶರ್ ಕುಕ್ಕರನ್ನು.

ವಿಭಜನೆಯ ಚಕ್ರಕ್ಕೆ ಇಳಿದ ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ ಕೆಐ-67 ಎಂಬ ಪ್ರೋಟೀನ್ ಇರುತ್ತದೆ, ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಕಾಣುವುದಿಲ್ಲ. 1983ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಸಿಕ್ಕ, ಅದಕ್ಕೆ ಅಂಟಿಕೊಳ್ಳುವ ಮೂಲ ಆಂಟಿಬಾಡಿ ಅಂಗಾಂಶದ ಫ್ರೋಜನ್ ತುಂಡುಗಳಿಗಷ್ಟೇ ಒಗ್ಗುತ್ತಿತ್ತು. ಅಂಗಾಂಶ ಕೆಡದಂತೆ ಬಳಸುವ ಫಾರ್ಮಲಿನ್ ಪ್ರೋಟೀನನ್ನು ಬಿಗಿದು ಮುಚ್ಚಿಬಿಡುತ್ತದೆ. ಹಾಗೆ ಫಾರ್ಮಲಿನ್ ಕಂಡು ಮೇಣದ ಬ್ಲಾಕಿನಲ್ಲಿ ಕೂತ ಅಂಗಾಂಶದಲ್ಲೂ ಕೆಲಸ ಸಾಧ್ಯವಾದದ್ದು ಎಂಐಬಿ-1 ಎಂಬ ಹೊಸ ಆಂಟಿಬಾಡಿ ಬಂದು, ಬಿಸಿಯಿಂದ ಆ ಬಿಗಿ ಸಡಿಲಿಸುವುದನ್ನು ಕಲಿತ ಮೇಲೆ.

ಬ್ಲಾಕಿನಿಂದ ಕತ್ತರಿಸುವ ತೆಳು ಸೆಕ್ಷನ್ 3ರಿಂದ 4 ಮೈಕ್ರಾನ್ ಇರಲಿ. ತುಂಡನ್ನು ಗಟ್ಟಿಯಾಗಿ ಹಿಡಿದಿಡುವ ಚಾರ್ಜ್ಡ್ ಸ್ಲೈಡನ್ನೇ ಬಳಸಿ, 60 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಮೇಣ ತೆಗೆಯಲು ಕ್ರಮವಾಗಿ ಝೈಲೀನ್, ಆಲ್ಕೋಹಾಲ್, ನೀರು. ಕುಕ್ಕರಿನ ಬಫರಿಗಾಗಿ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 2.94 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಹಾಕಿ ಪಿಎಚ್ 6.0ಕ್ಕೆ ತನ್ನಿ. ಬಫರ್ ಕುದಿದ ಮೇಲೆ ಸ್ಲೈಡ್ ಇಳಿಸಿ ಮುಚ್ಚಿ. ಪೂರ್ತಿ ಪ್ರೆಶರ್ ಏರಿದ ನಂತರ ಮೂರು ನಿಮಿಷ. ಗಡಿಯಾರ ನೋಡಿ, ವಿಷಲ್ ಎಣಿಸಬೇಡಿ. ಆಮೇಲೆ ಅದೇ ಬಫರಿನಲ್ಲಿ 20 ನಿಮಿಷ ತಣಿಯಲಿ. ಒಮ್ಮೆ ಅವಸರದಲ್ಲಿ ಬಿಸಿ ಸ್ಲೈಡನ್ನು ನಲ್ಲಿಯ ಕೆಳಗೆ ಹಿಡಿದು, ಸ್ತನದ ಸೂಜಿ ಬಯಾಪ್ಸಿಯ ತುಂಡನ್ನೇ ಕಳೆದೆ. ಬ್ಲಾಕಿನಲ್ಲಿ ಉಳಿದಿದ್ದದ್ದು ಎಳ್ಳಷ್ಟು. ಅದರಿಂದ ಇನ್ನೊಂದು ಸೆಕ್ಷನ್ ಕತ್ತರಿಸುವಾಗ ಕೈ ನಡುಗುತ್ತಿತ್ತು.

ಮುಂದೆ 3% ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ, ತೇವದ ಡಬ್ಬಿಯಲ್ಲಿ ಆಂಟಿಬಾಡಿ ಒಂದು ಗಂಟೆ, ಬಳಿಕ ಆಂಟಿಬಾಡಿಯನ್ನು ಗುರುತಿಸುವ, ಕಿಟ್‌ನ ಪಾಲಿಮರ್. ಪ್ರತಿ ಹಂತದ ನಡುವೆ ಬಫರಿನಲ್ಲಿ ತೊಳೆಯಿರಿ, ಎಲ್ಲೂ ಸ್ಲೈಡ್ ಒಣಗಬಾರದು. ಕೊನೆಗೆ ಕಂದು ಬಣ್ಣ ಕೊಡುವ ಡ್ಯಾಬ್ ಹಾಕುವಾಗ ಗ್ಲೌಸ್ ಬೇಕೇ ಬೇಕು. ಉಳಿದ ನ್ಯೂಕ್ಲಿಯಸ್‌ಗಳಿಗೆ ನೀಲಿ ಕೊಡುವ ಹೆಮಟಾಕ್ಸಿಲಿನ್ ತೆಳುವಾಗಿರಲಿ, ನೀಲಿ ದಟ್ಟವಾದರೆ ತಿಳಿಗಂದು ಮುಳುಗಿಹೋಗುತ್ತದೆ.

ಸ್ಟೇನ್ ಸರಿಯಾಗಿದೆಯೇ ಎಂದು ನೋಡಲು ಪ್ರತಿ ಬ್ಯಾಚಿನ ಜೊತೆ ಟಾನ್ಸಿಲ್ ತುಂಡೊಂದನ್ನು ಓಡಿಸಿ. ಕೋಶಗಳು ವೇಗವಾಗಿ ವಿಭಜನೆಯಾಗುವ ಜರ್ಮಿನಲ್ ಸೆಂಟರ್‌ನಲ್ಲಿ ಕಂದು ಕಿಕ್ಕಿರಿದಿರಬೇಕು. ಹೊರಮೈ ಹೊದಿಕೆಯಾದ ಎಪಿಥೀಲಿಯಂನಲ್ಲಿ ತಳದ ಹತ್ತಿರದ ಸಾಲುಗಳು ಕಂದಾಗಿ, ಮೇಲ್ಪದರ ನೀಲಿಯಾಗೇ ಉಳಿಯಬೇಕು. ಹಾಗಿಲ್ಲದಿದ್ದರೆ ಆ ದಿನದ ರೋಗಿಯ ಸ್ಲೈಡನ್ನು ಡಾಕ್ಟರ ಮೇಜಿಗೆ ಕಳಿಸಬೇಡಿ. 'ನೆಗೆಟಿವ್' ಎಂದು ಕಂಡದ್ದು ನಮ್ಮ ಬಫರಿನ ತಪ್ಪಾಗಿರಬಹುದು.

ಎಣಿಕೆಗೆ ಗಡ್ಡೆಯ ಕನಿಷ್ಠ 500 ಕೋಶ ಬೇಕು, ಅವುಗಳಲ್ಲಿ ಕಂದಾದವು ಶೇಕಡಾ ಎಷ್ಟು ಎಂಬುದೇ ಫಲಿತಾಂಶ. ತಿಳಿಗಂದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಡುವೆ ನುಸುಳಿದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಬಿಡಿ, ಅವೂ ವಿಭಜನೆಯಾಗುತ್ತಿರಬಹುದು. ಸ್ತನದ ಗಡ್ಡೆಯಲ್ಲಿ 5%ಕ್ಕಿಂತ ಕೆಳಗೆ ಇಲ್ಲವೇ 30%ಕ್ಕಿಂತ ಮೇಲೆ ಬಂದರೆ ಎಣಿಸುವವರಲ್ಲಿ ಒಮ್ಮತ ಸುಲಭ. ನಡುವಿನ ಸಂಖ್ಯೆ ಬಂದಾಗ ನಿಮ್ಮ ಲೆಕ್ಕ ಹೇಳದೆ ಇನ್ನೊಬ್ಬರಿಂದ ಎಣಿಸಿಸಿ.